ಗುಜರಿ ಅನ್ನೋ ಮುಂಚೆ ಈ ಕಥೆ ಕೇಳಿ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಟಿವಿ ಮುಂದೆ ಕೂತವರಿಗೆ ಒಂದು ವಿಷಯ ಗೊತ್ತಿರುತ್ತೆ. ನಾವು ಜಿಲ್ಲಾವಾರು ಪಟ್ಟಿ ಓದುವಾಗ ತುಮಕೂರು ಬೇರೆ ಬರುತ್ತೆ, ಮಧುಗಿರಿ ಬೇರೆ ಬರುತ್ತೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಒಂದು ತಾಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆ, ಕಲ್ಲುಬಂಡೆ ಜಾಸ್ತಿ, ಶೇಂಗಾ ಬೆಳೆದು ಆಕಾಶ ನೋಡುವ ಸೀಮೆ. ಇಲ್ಲಿನ ಮಕ್ಕಳು ಓದಿ ಪಾಸಾಗ್ತಾರೆ, ಬೆಂಗಳೂರಿನ ಬಸ್ ಹತ್ತುತ್ತಾರೆ.

ಈ ಕಡೆಯ ಹುಡುಗರಿಂದ ನನಗೆ ಬರುವ ಮೆಸೇಜ್‌ಗಳಲ್ಲಿ ರಾಜಕೀಯಕ್ಕಿಂತ ಜಾಸ್ತಿ ಬರೋದು ಇನ್ನೊಂದು ಪ್ರಶ್ನೆ. ಆ್ಯಂಕರ್ ಆಗೋ ಮುಂಚೆ ನಾನು ಇಂಜಿನಿಯರಿಂಗ್ ಓದಿದವನು ಅಂತ ಎಲ್ಲೋ ಕೇಳಿರ್ತಾರೆ. "ಅಣ್ಣಾ, ಹದಿನೈದು ಇಪ್ಪತ್ತು ಸಾವಿರದಲ್ಲಿ ಹಳೇ ಪಾರ್ಟ್ಸ್ ಹಾಕಿ ಗೇಮಿಂಗ್ ಪಿಸಿ ಕಟ್ಟಬೋದಾ?" ಅಂತ ಕೇಳ್ತಾರೆ. ಅದರ ಹಿಂದೆಯೇ ಒಂದು ಸಾಲು ಇರುತ್ತೆ. "ಅಪ್ಪ ಬೈತಾವ್ರೆ ಅಣ್ಣಾ."

ಅಪ್ಪ ಯಾಕೆ ಬೈತಾರೆ? ಎರಡು ಕಾರಣಕ್ಕೆ. ಒಂದು, ಆಟ ಆಡೋಕೆ ಕಂಪ್ಯೂಟರಾ? ಎರಡು, ಅದೂ ಯಾರೋ ಬಳಸಿ ಬಿಸಾಡಿದ ಗುಜರಿನಾ?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೋರ್‌ವೆಲ್ ಸಾಲ ತೀರಿಸ್ತಾ ಇರೋ ಮನುಷ್ಯನಿಗೆ ಹದಿನೈದು ಸಾವಿರ ಸಣ್ಣ ದುಡ್ಡಲ್ಲ. ಆದರೆ ಇದಕ್ಕೆ ಉತ್ತರ ಹೇಳ್ಬೇಕು ಅಂದ್ರೆ ಅಂಗಡಿಯ ರೇಟ್ ಲಿಸ್ಟ್ ಸಾಕಾಗಲ್ಲ. ಇತಿಹಾಸ ಬೇಕು. ಯಾಕಂದ್ರೆ ಬಳಸಿದ ಕಂಪ್ಯೂಟರ್ ಈ ದೇಶಕ್ಕೆ ಬಂದಿದ್ದು ಇವತ್ತು ನಿನ್ನೆ ಅಲ್ಲ. 60 ವರ್ಷ ಆಯ್ತು. ಒಂದು ಕಾಲದಲ್ಲಿ ಇಡೀ ದೇಶವೇ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮೇಲೆ ಕೂತಿತ್ತು. ಅದೂ ದುಬಾರಿ ಬಾಡಿಗೆ ಕೊಟ್ಟುಕೊಂಡು!

ಕಥೆ ಶುರುವಾಗೋದು ಮುಂಬೈನಲ್ಲಿ. 1960ರ ದಶಕ. ಭಾರತದಲ್ಲಿ ಕಂಪ್ಯೂಟರ್ ಅಂದ್ರೆ ಐಬಿಎಂ ಅನ್ನೋ ಕಾಲ. ಅಮೆರಿಕದ ಈ ಕಂಪನಿ 1959ರಲ್ಲಿ 1401 ಅನ್ನೋ ಮಾಡೆಲ್ ಹೊರತಂದಿತ್ತು. ಕೋಣೆ ತುಂಬುವಂಥ ಯಂತ್ರ. ಅಲ್ಲಿ ಅದು ಭರ್ಜರಿಯಾಗಿ ಓಡಿತು. 1964ರಲ್ಲಿ ಅದೇ ಐಬಿಎಂ ಸಿಸ್ಟಮ್ 360 ಅನ್ನೋ ಹೊಸ ಪೀಳಿಗೆಯನ್ನು ಘೋಷಿಸಿತು. ಹೊಸದು ಬಂದ ಮೇಲೆ ಹಳೇದು ಎಲ್ಲಿಗೆ ಹೋಗಬೇಕು? ಅಲ್ಲಿನ ಗ್ರಾಹಕರು ವಾಪಸ್ ಕೊಟ್ಟ 1401ಗಳನ್ನು ಹಡಗಿನಲ್ಲಿ ಭಾರತಕ್ಕೆ ತಂದರು. ಮುಂಬೈನ ಕಾರ್ಖಾನೆಯಲ್ಲಿ ಬಿಚ್ಚಿ, ಒರೆಸಿ, ಸವೆದ ಭಾಗ ಬದಲಿಸಿ, ಇಲ್ಲಿನ ಕಂಪನಿಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟರು. ಗಮನಿಸಿ, ಮಾರಲಿಲ್ಲ. ಬಾಡಿಗೆಗೆ ಕೊಟ್ಟರು. ಯಂತ್ರ ಕಂಪನಿಯದ್ದು. ಅದರ ಮುಚ್ಚಳ ತೆಗೆಯುವ ಕೆಲಸವೂ ಕಂಪನಿಯ ಇಂಜಿನಿಯರ್‌ದು. ತಿಂಗಳು ತಿಂಗಳು ದುಡ್ಡು ಕಟ್ಟೋದಷ್ಟೇ ಗ್ರಾಹಕನ ಪಾಲಿಗೆ.

ದೆಹಲಿಯಲ್ಲಿ ಇದಕ್ಕೆ ಸಿಟ್ಟು ಏಳದೆ ಇರಲಿಲ್ಲ. ಅಮೆರಿಕದಲ್ಲಿ ಕಾಲ ಮುಗಿದ ಯಂತ್ರಕ್ಕೆ ಇಲ್ಲಿ ಯಾಕೆ ಇಷ್ಟು ಬಾಡಿಗೆ ಅಂತ ಸಂಸತ್ತಿನ ಸಮಿತಿಗಳೇ ಕೇಳೋಕೆ ಶುರು ಮಾಡಿದವು. 1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದ್ರೆ ಫೆರಾ ಬಂತು. ವಿದೇಶಿ ಕಂಪನಿಗಳು ಇಲ್ಲಿನ ಘಟಕದಲ್ಲಿ ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿಕೊಳ್ಳಬೇಕು ಅನ್ನೋ ಒತ್ತಡ ಅದು. 1977ರಲ್ಲಿ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ ಕೂತವರು ಯಾರು? ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಕೋಕಾ ಕೋಲಾ ಹೊರಟ ಕಥೆ ಎಲ್ಲರಿಗೂ ಗೊತ್ತು. ಅದೇ ಹೊತ್ತಿನಲ್ಲಿ ಐಬಿಎಂ ಕೂಡ ಪಾಲು ಬಿಟ್ಟುಕೊಡಲು ಒಪ್ಪದೆ 1978ರಲ್ಲಿ ಗಂಟುಮೂಟೆ ಕಟ್ಟಿತು.

ಕಂಪನಿ ಹೋಯ್ತು. ಯಂತ್ರಗಳು? ಅವು ಇಲ್ಲೇ ಉಳಿದವು. ದೇಶದ ಉದ್ದಗಲಕ್ಕೆ ಕಾರ್ಖಾನೆ, ಕಚೇರಿಗಳಲ್ಲಿದ್ದ ಆ ಹಳೇ ಐಬಿಎಂಗಳನ್ನು ಇನ್ಮುಂದೆ ಯಾರು ನೋಡಿಕೊಳ್ಳಬೇಕು? ಆ ಹೊಣೆ ಬಿದ್ದಿದ್ದು ಕೇಂದ್ರ ಸರ್ಕಾರ ಆಗಷ್ಟೇ ಕಟ್ಟಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಮೇಲೆ. ಹೆಸರು ನೋಡಿ. ಕಂಪ್ಯೂಟರ್ ತಯಾರಿಸುವ ನಿಗಮ ಅಲ್ಲ, ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವ ನಿಗಮ! ಸಿಎಂಸಿ ಅಂತ ಆಮೇಲೆ ಹೆಸರು ಮಾಡಿದ ಸಂಸ್ಥೆ ಇದೇ. ಅಲ್ಲಿಯವರೆಗೆ ಹೊರಗಿನವರ ಕೈಗೆ ಸಿಗದಿದ್ದ ಆ ಪೆಟ್ಟಿಗೆಗಳನ್ನು ಅವತ್ತು ನಮ್ಮ ಇಂಜಿನಿಯರ್‌ಗಳು ಬಿಚ್ಚಿದರು. ಬಿಡಿಭಾಗ ಹೊಂದಿಸಿ ಓಡಿಸಿದರು. ಈ ದೇಶ ಕಂಪ್ಯೂಟರ್ ಕಲಿತಿದ್ದರಲ್ಲಿ ದೊಡ್ಡ ಪಾಲು ಹೀಗೆ ಹಳೇ ಯಂತ್ರ ಬಿಚ್ಚಿದ್ದರಿಂದ ಬಂದಿದ್ದು.

ಅಲ್ಲಿಗೆ, ಹಳೇ ಯಂತ್ರ ಬಂದಿದ್ದೇ ಅವಮಾನ ಅಲ್ಲ. ಅದನ್ನು ತೆರೆದು ನೋಡುವ ಹಕ್ಕು ನಮಗಿರಲಿಲ್ಲ ಅನ್ನೋದು ಅವಮಾನ. ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಈಗ ಕಥೆಗೆ ಒಂದು ಟ್ವಿಸ್ಟ್. ಇಲ್ಲಿಂದ ಹೋದ ಮೂರೇ ವರ್ಷಕ್ಕೆ, 1981ರ ಆಗಸ್ಟ್ 12ರಂದು, ಅದೇ ಐಬಿಎಂ ನ್ಯೂಯಾರ್ಕ್‌ನಲ್ಲಿ ಒಂದು ಸಣ್ಣ ಪೆಟ್ಟಿಗೆ ಬಿಡುಗಡೆ ಮಾಡಿತು. ಐಬಿಎಂ ಪರ್ಸನಲ್ ಕಂಪ್ಯೂಟರ್. ಆರಂಭದ ಬೆಲೆ 1,565 ಡಾಲರ್. ಒಳಗೆ ಇಂಟೆಲ್ ಕಂಪನಿಯ 8088 ಚಿಪ್. ಇಂಜಿನಿಯರಿಂಗ್‌ನಲ್ಲಿ ಮೈಕ್ರೋಪ್ರೊಸೆಸರ್ ಲ್ಯಾಬ್ ಮಾಡಿದವರಿಗೆ 8086 ಅಂದ ತಕ್ಷಣ ಹೊಟ್ಟೆಯಲ್ಲಿ ಚಿಟ್ಟೆ ಹಾರುತ್ತಲ್ಲ, ಅದರ ತಮ್ಮ ಈ 8088. ಪ್ರತಿಸ್ಪರ್ಧಿಗಳು ಮುಂದೆ ಹೋಗಿದ್ದರು, ಐಬಿಎಂಗೆ ಟೈಮ್ ಇರಲಿಲ್ಲ. ಎಲ್ಲ ಭಾಗವನ್ನೂ ತಾನೇ ಮಾಡುವ ಬದಲು ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಕೊಂಡು ಸುಮಾರು ಒಂದು ವರ್ಷದಲ್ಲಿ ಯಂತ್ರ ಜೋಡಿಸಿದರು. ಅಷ್ಟೇ ಅಲ್ಲ, ಅದರ ಸರ್ಕ್ಯೂಟ್ ನಕ್ಷೆಗಳನ್ನು ಪುಸ್ತಕ ಮಾಡಿ ಮಾರಿದರು. ಬೇರೆಯವರು ಇದಕ್ಕೆ ಕಾರ್ಡ್ ತಯಾರಿಸಲಿ ಅನ್ನೋ ಲೆಕ್ಕಾಚಾರ.

ಬೇರೆಯವರು ಕಾರ್ಡ್ ಅಷ್ಟೇ ಯಾಕೆ, ಇಡೀ ಕಂಪ್ಯೂಟರನ್ನೇ ತಯಾರಿಸಿಬಿಟ್ಟರು! ಐಬಿಎಂ ಕೈಯಲ್ಲಿ ಉಳಿದಿದ್ದು ಬಯೋಸ್ ಅನ್ನೋ ಒಂದು ಪುಟ್ಟ ಪ್ರೋಗ್ರಾಂ. ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಹೊಸ ಪ್ರೋಗ್ರಾಂ ಬರೆದು ಕಾಂಪ್ಯಾಕ್ ಕಂಪನಿ ದಾರಿ ತೋರಿಸಿತು. ಆಮೇಲೆ ತೈವಾನ್, ಹಾಂಗ್‌ಕಾಂಗ್, ಸಿಂಗಾಪುರ. ಎಲ್ಲರೂ ಮದರ್‌ಬೋರ್ಡ್ ಮಾಡೋರೇ, ಎಲ್ಲರೂ ಕ್ಯಾಬಿನೆಟ್ ಮಾಡೋರೇ. ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಕೂರುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನೋ ಅಳತೆ ಕೊಟ್ಟಿತು. ಸ್ಕ್ರೂ ಎಲ್ಲಿ, ಕನೆಕ್ಟರ್ ಎಲ್ಲಿ ಅಂತ. 2003ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಅನ್ನೋ ಸ್ಲಾಟ್‌ನ ನಿಯಮ ಬಂತು. ಹೊಸ ಕಾರ್ಡ್ ಹಳೇ ಬೋರ್ಡ್‌ನಲ್ಲೂ, ಹಳೇ ಕಾರ್ಡ್ ಹೊಸ ಬೋರ್ಡ್‌ನಲ್ಲೂ ಕೆಲಸ ಮಾಡಬೇಕು ಅನ್ನೋದು ಅದರ ತತ್ವ. 2012ರ ಬೋರ್ಡ್‌ಗೆ 2016ರ ಗ್ರಾಫಿಕ್ಸ್ ಕಾರ್ಡ್ ಹಾಕಿ ಪಾವಗಡದ ಹುಡುಗ ಇವತ್ತು ಸ್ವಿಚ್ ಒತ್ತಿದಾಗ ಪರದೆ ಬೆಳಗುತ್ತೆ ಅಂದ್ರೆ, ಅದರ ಹಿಂದೆ ಇರೋದು ಈ ತೆರೆದ ಬಾಗಿಲಿನ ಇತಿಹಾಸ.

ಭಾರತಕ್ಕೆ ಈ ಗಾಳಿ ಬೀಸಿದ್ದು 1984ರ ನವೆಂಬರ್‌ನಲ್ಲಿ. ರಾಜೀವ್ ಗಾಂಧಿ ಪ್ರಧಾನಿಯಾದ ಕೆಲವೇ ವಾರಕ್ಕೆ ಹೊಸ ಕಂಪ್ಯೂಟರ್ ನೀತಿ ಬಂತು. ಆಮದಿನ ಬಿಗಿ ಸಡಿಲವಾಯ್ತು. 1991ರ ಆರ್ಥಿಕ ಸುಧಾರಣೆ ಅದನ್ನು ಇನ್ನಷ್ಟು ಸಡಿಲಿಸಿತು. 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ಕಂಪ್ಯೂಟರ್, ಬಿಡಿಭಾಗಗಳ ಸುಂಕ ಹಂತ ಹಂತವಾಗಿ ಸೊನ್ನೆಯತ್ತ ಇಳಿಯಿತು. ಆಗ ಎದ್ದು ನಿಂತವು ನೋಡಿ, ಊರೂರಿನ ಅಸೆಂಬಲ್ಡ್ ಕಂಪ್ಯೂಟರ್ ಅಂಗಡಿಗಳು. ಒಂದು ಸ್ಕ್ರೂ ಡ್ರೈವರ್, ಒಂದು ಟೇಬಲ್, ಒಬ್ಬ ಹುಡುಗ. ಅಷ್ಟೇ ಬಂಡವಾಳ. ನಮ್ಮ ರಾಜ್ಯಕ್ಕೆ ಇದರ ಕಾಶಿ ಬೆಂಗಳೂರಿನ ಎಸ್‌ಪಿ ರೋಡ್. ಟೌನ್ ಹಾಲ್‌ನಿಂದ ನಡೆದು ಹೋಗುವಷ್ಟು ದೂರ. ಬೋರ್ಡಿನಲ್ಲಿ ಸದರ್ ಪತ್ರಪ್ಪ ರಸ್ತೆ ಅಂತಿದ್ದರೂ ಬಸ್ಸಿನಿಂದ ಇಳಿದವರು ಕೇಳೋದು ಎಸ್‌ಪಿ ರೋಡ್ ಅಂತಲೇ. ನನ್ನ ತಲೆಮಾರಿನ ಇಂಜಿನಿಯರಿಂಗ್ ಹುಡುಗರಿಗೆ ಅದು ಕಾಲೇಜಿಗಿಂತ ದೊಡ್ಡ ಲ್ಯಾಬ್. ನಾವು ಹಾಸ್ಟೆಲ್‌ನಲ್ಲಿ ಕೌಂಟರ್ ಸ್ಟ್ರೈಕ್, ವೈಸ್ ಸಿಟಿ ಆಡಿದ್ದು ಹೀಗೆ ಹೊಂದಿಸಿದ ಪೆಟ್ಟಿಗೆಗಳಲ್ಲೇ. ಯಾರದೋ ರ್‍ಯಾಮ್, ಯಾರದೋ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್‌ಗೆ ಒಂದು ಕಡೆ ಮುಚ್ಚಳವೇ ಇರ್ತಿರಲಿಲ್ಲ. ಒಬ್ಬನ ಕಂಪ್ಯೂಟರ್ ಕೆಟ್ಟರೆ ಇಡೀ ಬ್ಲಾಕ್‌ಗೆ ಪಾಠ.

ಸರಿ, ಇವತ್ತಿಗೆ ಬರೋಣ. ಈಗ ಹಳೇ ಪಾರ್ಟ್ಸ್ ಎಲ್ಲಿಂದ ಬರ್ತಾವೆ? ಎರಡು ದೊಡ್ಡ ತಿರುವುಗಳಿವೆ.

ಮೊದಲನೆಯದು ಕ್ರಿಪ್ಟೋ. 2017ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಗ್ರಾಫಿಕ್ಸ್ ಕಾರ್ಡ್‌ಗಳ ಬೆಲೆ ಗಗನಕ್ಕೇರಿತ್ತು. ಗೇಮ್ ಆಡೋರಿಗೆ ಕಾರ್ಡ್ ಸಿಗ್ತಿರಲಿಲ್ಲ. ಯಾಕಂದ್ರೆ ಇಥೀರಿಯಂ ಅನ್ನೋ ಡಿಜಿಟಲ್ ಹಣವನ್ನು 'ಗಣಿಗಾರಿಕೆ' ಮಾಡೋಕೆ ಜನ ರಾಶಿ ರಾಶಿ ಕಾರ್ಡ್ ಕೊಳ್ಳುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿತು. ಲೆಕ್ಕ ಬಿಡಿಸುವ ಕಾರ್ಡ್‌ಗಳಿಗೆ ಅಲ್ಲಿ ರಾತ್ರೋರಾತ್ರಿ ಕೆಲಸವೇ ಇಲ್ಲ. ಜಗತ್ತಿನಾದ್ಯಂತ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಸುರಿದವು. ಆರ್‌ಎಕ್ಸ್ 580 ಅಂತ ಕಡಿಮೆ ದುಡ್ಡಿಗೆ ಸಿಗುತ್ತಲ್ಲ, 2017ರ ಕಾರ್ಡ್, ಅದರಲ್ಲಿ ಎಷ್ಟೋ ಹೀಗೆ ಗಣಿಯಲ್ಲಿ ದುಡಿದು ಬಂದ ಎತ್ತುಗಳು.

ಎರಡನೆಯದು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸ್ 11 ಬೇಕು ಅಂದ್ರೆ ಇಂಟೆಲ್‌ನಲ್ಲಿ 8ನೇ ಪೀಳಿಗೆಯ ಚಿಪ್ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು ಅಂತ ನಿಯಮ. 2015ರಲ್ಲಿ ಬಂದ 6ನೇ ಪೀಳಿಗೆಯ ಐ5 ಚಿಪ್ ಇರುವ ಆಫೀಸ್ ಕಂಪ್ಯೂಟರ್‌ಗಳು ಇವತ್ತಿಗೂ ಚೆನ್ನಾಗೇ ಓಡ್ತಾವೆ. ಆದರೆ ಕಂಪನಿಗಳ ಪಾಲಿಗೆ ಅವು ಮುಗಿದ ಅಧ್ಯಾಯ. ಬೆಂಗಳೂರಿನ ಕಂಪನಿಗಳಿಂದ ಲಾಟ್‌ಗಟ್ಟಲೆ ಹೊರಬಿದ್ದು, ಕೈ ಬದಲಾಗಿ, ಎಸ್‌ಪಿ ರೋಡ್ ತಲುಪೋದು ಇವೇ.

ಹೀಗೆ ಕಂಪನಿ ಬಿಸಾಡಿದ ಆಫೀಸ್ ಟವರ್ ಒಂದು, ಅದಕ್ಕೆ ಹಳೇ ಗ್ರಾಫಿಕ್ಸ್ ಕಾರ್ಡ್ ಒಂದು, ಹೊಸ ಎಸ್‌ಎಸ್‌ಡಿ ಒಂದು. ಇಷ್ಟೇ ಬಡವರ ಗೇಮಿಂಗ್ ಪಿಸಿಯ ಸೂತ್ರ. ಹೊಸದಾಗಿ ಕಟ್ಟೋಕೆ ಹೋದರೆ ಅರ್ಧ ಲಕ್ಷ ಸುಲಭವಾಗಿ ದಾಟುತ್ತೆ. ಅಷ್ಟು ದುಡ್ಡು ಇರೋರಿಗೆ ಈ ಲೇಖನ ಬೇಕಾಗಿಲ್ಲ.

ಹುಡುಗರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಇತಿಹಾಸ ಕೇಳಿದ ಮಾತ್ರಕ್ಕೆ ಅಂಗಡಿಯವನು ಮೋಸ ಮಾಡಲ್ಲ ಅಂತೇನಿಲ್ಲ. ಆಫೀಸ್ ಕಂಪ್ಯೂಟರ್ ಕೊಳ್ಳುವಾಗ ತೆಳ್ಳಗಿನ ಪೆಟ್ಟಿಗೆ ಬೇಡ, ದೊಡ್ಡ ಟವರ್ ತಗೊಳ್ಳಿ. ತೆಳ್ಳಗಿನದ್ದರಲ್ಲಿ ಪೂರ್ತಿ ಎತ್ತರದ ಕಾರ್ಡ್ ಕೂರಲ್ಲ. ದೊಡ್ಡ ಬ್ರ್ಯಾಂಡ್‌ಗಳ ಆಫೀಸ್ ಮಾಡೆಲ್‌ಗಳಲ್ಲಿ ಪವರ್ ಸಪ್ಲೈ ಕನೆಕ್ಟರ್ ಎಷ್ಟೋ ಸಲ ಅವರದ್ದೇ ವಿಚಿತ್ರ ಅಳತೆಯದ್ದು. ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ಹೊಂದಲ್ಲ. ಹಾಗಾಗಿ 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಥರದ ಕಾರ್ಡ್ ವಾಸಿ. 75 ವ್ಯಾಟ್ ಒಳಗೆ ಮುಗಿಸುತ್ತೆ, ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ವೈರ್ ಬೇಡ, ಸ್ಲಾಟ್‌ನಿಂದಲೇ ಕರೆಂಟ್ ಎಳೆದುಕೊಳ್ಳುತ್ತೆ. ಆರ್‌ಎಕ್ಸ್ 580 ಶಕ್ತಿಶಾಲಿ, ಆದರೆ 185 ವ್ಯಾಟ್ ನುಂಗುತ್ತೆ. ಅದಕ್ಕೆ ಒಳ್ಳೆಯ ಎಸ್‌ಎಂಪಿಎಸ್ ಬೇಕೇ ಬೇಕು.

ಇನ್ನೊಂದು ಮೋಸ ಇದೆ. ಹತ್ತು ಹದಿನೈದು ವರ್ಷ ಹಳೇ ಕಾರ್ಡ್‌ನ ಬಯೋಸ್ ತಿದ್ದಿ, 1050 ಟಿಐ ಅಂತ ಸ್ಟಿಕ್ಕರ್ ಅಂಟಿಸಿ ಮಾರ್ತಾರೆ. ಆರ್‌ಎಕ್ಸ್ 580 ಹೆಸರಿನಲ್ಲೇ ಕಡಿಮೆ ಸಾಮರ್ಥ್ಯದ ಇನ್ನೊಂದು ಅವತಾರ ಇದೆ. ಜಿಪಿಯು-ಜಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದರೆ ಜಾತಕ ಹೊರಬೀಳುತ್ತೆ. ಅಂಗಡಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ. ಪರದೆಯಲ್ಲಿ ಗೆರೆ, ಚುಕ್ಕೆ ಬಂದರೆ ಕೈ ಮುಗಿದು ಎದ್ದು ಬನ್ನಿ. ರ್‍ಯಾಮ್ ಸದ್ದು ಮಾಡಿದರೆ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ. ಪ್ರೊಸೆಸರ್ ಮೇಲೆ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಗಡಿಯಾರ ತಪ್ಪು ತೋರಿಸಿದರೆ ನಾಣ್ಯದಂಥ ಬ್ಯಾಟರಿ ಬದಲಿಸಿ. ಎಲ್ಲ ಹಳೇದಾದರೂ ಪರವಾಗಿಲ್ಲ, ಎರಡು ಮಾತ್ರ ಹೊಸದೇ ಇರಲಿ. ನಿಮ್ಮ ಫೈಲ್ ಉಳಿಸುವ ಎಸ್‌ಎಸ್‌ಡಿ, ಮತ್ತು ಬೇರೆ ಎಸ್‌ಎಂಪಿಎಸ್ ಹಾಕೋದಾದರೆ ಆ ಎಸ್‌ಎಂಪಿಎಸ್. ಪಂಪ್‌ಸೆಟ್ ಶುರುವಾದಾಗ ಮನೆ ಬಲ್ಬು ಮಂಕಾಗೋ ಊರಿನಲ್ಲಿ ಕಳಪೆ ಎಸ್‌ಎಂಪಿಎಸ್ ಹಾಕೋದು ಅಂದ್ರೆ ಸೊಂಟಕ್ಕೆ ಪಟಾಕಿ ಕಟ್ಟಿಕೊಂಡಂಗೆ.

ಈ ಯಂತ್ರದ ಮಿತಿಯನ್ನೂ ಹೇಳಿಬಿಡ್ತೀನಿ. ಜಿಟಿಎ 5, ಕೌಂಟರ್ ಸ್ಟ್ರೈಕ್ ಥರದ ಆಟಗಳಿಗೆ ಇದು ಸಾಕು. ಈ ವರ್ಷ ಬಂದ ದೊಡ್ಡ ಆಟಗಳನ್ನು ಪೂರ್ತಿ ವೈಭವದಲ್ಲಿ ಆಡ್ತೀನಿ ಅಂದ್ರೆ ಆಗಲ್ಲ. 1050 ಟಿಐ ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡೋದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ. ಭದ್ರತಾ ಅಪ್‌ಡೇಟ್ ಮಾತ್ರ ಇನ್ನು ಕೆಲವು ವರ್ಷ. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಲಿನಕ್ಸ್ ಹಾಕಬಹುದು. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಅನ್ನೋ ಸಾಧನ ಬಿಟ್ಟ ಮೇಲೆ ವಿಂಡೋಸ್‌ಗೆ ಬರೆದ ಸಾವಿರಾರು ಆಟಗಳು ಲಿನಕ್ಸ್‌ನಲ್ಲಿ ಓಡ್ತಾವೆ. ವ್ಯಾಲೊರಂಟ್ ಥರದ ಕೆಲವು ಓಡಲ್ಲ. ಇದನ್ನೆಲ್ಲ ತಿಳಿದೇ ಕೈ ಹಾಕಿ.

ಈಗ ಅಪ್ಪಂದಿರ ಕಡೆ ತಿರುಗ್ತೀನಿ. ಸ್ವಾಮಿ, ನಿಮ್ಮ ತೋಟದ ಮೋಟಾರ್ ಸುಟ್ಟಾಗ ಹೊಸದು ತರ್ತೀರಾ? ರೀವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗ್ತೀರಿ. ತಾಮ್ರದ ಸುತ್ತು ಬದಲಿಸಿ ಇನ್ನೆರಡು ಬೇಸಿಗೆ ಓಡಿಸ್ತೀರಿ. ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್, ಬೈಕ್ ಸೆಕೆಂಡ್ ಹ್ಯಾಂಡ್. ಕೊಳ್ಳುವ ಮುಂಚೆ ಇಂಜಿನ್ ಸದ್ದು ಕೇಳಿ, ಹೊಗೆ ನೋಡಿ, ಟೈರ್ ಒತ್ತಿ ನೋಡ್ತೀರಿ. ಮಗ ಮಾಡ್ತಾ ಇರೋದೂ ಅದೇ ಅಲ್ವಾ? ಸಾಮಾನು ಬೇರೆ, ವಿದ್ಯೆ ಒಂದೇ.

ಇನ್ನು ಆಟದ ಮಾತು. ಆನ್‌ಲೈನ್ ಗೇಮ್ ಅಂದ್ರೆ ಹಳ್ಳಿ ಹಳ್ಳಿಗಳಲ್ಲಿ ಮನೆ ಹಾಳಾದ ಕಥೆಗಳನ್ನು ನಾನೇ ಈ ಕುರ್ಚಿಯಲ್ಲಿ ಕೂತು ಓದಿದ್ದೀನಿ. ಆದರೆ ಆ ಕಥೆಗಳು ದುಡ್ಡು ಕಟ್ಟಿ ಆಡುವ ಆ್ಯಪ್‌ಗಳವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿದಾಗ ಇದೇ ವ್ಯತ್ಯಾಸ ಮಾಡಿತು. ಹಣ ಕಟ್ಟುವ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಜೂಜು ಬೇರೆ, ಆಟ ಬೇರೆ ಅಂತ ಕಾನೂನೇ ಗೆರೆ ಎಳೆದಿದೆ. ಜೂಜಾಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಜೇಬಿನಲ್ಲಿರೋ ಫೋನ್ ಸಾಕು. ಹೊತ್ತು ಗೊತ್ತಿಲ್ಲದೆ ಆಡಿದರೆ ಯಾವ ಆಟವೂ ಕೆಟ್ಟದ್ದೇ, ಆ ಲಗಾಮು ನಿಮ್ಮ ಕೈಯಲ್ಲೇ ಇರಲಿ.

'ಆಟದ ಕಾರ್ಡ್' ಅಂತ ತಾತ್ಸಾರ ಮಾಡ್ತೀವಲ್ಲ, ಅದರ ಮಹಿಮೆ ಕೇಳಿ. 2012. ಕೆನಡಾದ ಟೊರಾಂಟೊ. ಅಲೆಕ್ಸ್ ಕ್ರಿಜೆವ್‌ಸ್ಕಿ ಅನ್ನೋ ವಿದ್ಯಾರ್ಥಿ. ಗೇಮ್ ಆಡೋರು ಕೊಳ್ಳುವ ಜಿಟಿಎಕ್ಸ್ 580 ಅನ್ನೋ ಎರಡು ಕಾರ್ಡ್ ಹಾಕಿದ ಕಂಪ್ಯೂಟರ್ ಇಟ್ಟುಕೊಂಡಿದ್ದ. ಒಂದೊಂದರಲ್ಲಿ ಬರೀ 3 ಜಿಬಿ ಮೆಮೊರಿ. ಸಹಪಾಠಿ ಇಲ್ಯಾ ಸುತ್ಸ್‌ಕೇವರ್, ಗುರು ಜೆಫ್ರಿ ಹಿಂಟನ್ ಜೊತೆ ಸೇರಿ, 12 ಲಕ್ಷ ಫೋಟೋಗಳನ್ನು ತೋರಿಸಿ ಆ ಕಂಪ್ಯೂಟರ್‌ಗೆ ಇದು ನಾಯಿ, ಇದು ಹಡಗು, ಇದು ಅಣಬೆ ಅಂತ ಗುರುತಿಸೋಕೆ ಕಲಿಸಿದ. ಐದಾರು ದಿನ ಎಡೆಬಿಡದೆ ಓಡಿತು. ಆ ವರ್ಷದ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನದವರ ತಪ್ಪಿನ ಪ್ರಮಾಣ ಶೇ. 26.2. ಇವರದ್ದು ಶೇ. 15.3. ಜಗತ್ತು ಬೆಚ್ಚಿಬಿತ್ತು. ಇವತ್ತು ಎಲ್ಲರ ಬಾಯಲ್ಲಿರೋ ಕೃತಕ ಬುದ್ಧಿಮತ್ತೆಯ ಓಟಕ್ಕೆ ಶಿಳ್ಳೆ ಹೊಡೆದಿದ್ದು ಆ ಎರಡು ಗೇಮಿಂಗ್ ಕಾರ್ಡ್. ಹಿಂಟನ್‌ಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಶಿರಾದ ಹುಡುಗ ಇವತ್ತು ಕೊಳ್ಳಲು ಹೊರಟಿರೋ 1050 ಟಿಐನಲ್ಲಿ ಮೆಮೊರಿ ಎಷ್ಟು ಗೊತ್ತಾ? 4 ಜಿಬಿ.

ಅಂದ್ರೆ ಪ್ರತಿ ಹುಡುಗನೂ ಹಿಂಟನ್ ಆಗ್ತಾನೆ ಅಂತಲ್ಲ. ಫೋನ್‌ನಲ್ಲಿ ಆಟ ಆಡಿದ ಹುಡುಗ ಆಡುವವನಾಗಿ ಉಳೀತಾನೆ. ಕಂಪ್ಯೂಟರ್ ಕಟ್ಟಿ ಆಡಿದವನಿಗೆ ಯಂತ್ರ ಯಾಕೆ ಬಿಸಿಯಾಗುತ್ತೆ, ಯಾಕೆ ನಿಧಾನ ಆಗುತ್ತೆ, ವ್ಯಾಟ್ ಅಂದ್ರೇನು, ಡ್ರೈವರ್ ಅಂದ್ರೇನು ಅಂತ ಬಿಟ್ಟಿ ಪಾಠ ಆಗಿರುತ್ತೆ. ನಾಳೆ ಅದೇ ಪೆಟ್ಟಿಗೆಯಲ್ಲಿ ಕೋಡಿಂಗ್ ಮಾಡ್ತಾನೆ, ವಿಡಿಯೋ ಎಡಿಟ್ ಮಾಡ್ತಾನೆ. ಈ ವಿದ್ಯೆ ಕಲಿಯೋಕೆ ಬೆಂಗಳೂರಿಗೆ ರೂಂ ಬಾಡಿಗೆ ಕಟ್ಟಬೇಕಾಗಿಲ್ಲ.

ಬೆಂಗಳೂರು ಅಂದೆನಲ್ಲ, ಈ ಸೀಮೆಗೂ ರಾಜಧಾನಿಗಳಿಗೂ ಒಂದು ಹಳೇ ಲೆಕ್ಕ ಬಾಕಿ ಇದೆ. 1687ರಲ್ಲಿ ಮೊಘಲರು ಶಿರಾವನ್ನು ತಮ್ಮ ಪ್ರಾಂತ್ಯದ ರಾಜಧಾನಿ ಮಾಡಿಕೊಂಡರು. ಸುಮಾರು 70 ವರ್ಷ ಅದು ಸುಬಾ. ಸುಬೇದಾರ ದಿಲಾವರ್ ಖಾನ್ ಕಾಲದಲ್ಲಿ ಊರು ಮೆರೆಯಿತು. ಅವನ ಅರಮನೆಯನ್ನೇ ಮಾದರಿ ಮಾಡಿಕೊಂಡು ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರು ಅಂತ ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಹೇಳ್ತಾವೆ. ಲಾಲ್‌ಬಾಗ್‌ನ ಕಲ್ಪನೆಗೂ ಶಿರಾದ ಖಾನ್ ಬಾಗ್ ತೋಟ ಪ್ರೇರಣೆ ಇರಬಹುದು ಅಂತಲೂ ಅದೇ ಗೆಜೆಟಿಯರ್‌ಗಳ ಊಹೆ. ಆಮೇಲೆ ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದ ಹೊಸ ಪೇಟೆ ಗಂಜಾಂ ತುಂಬಿಸೋಕೆ ಇಲ್ಲಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದರು ಅಂತ ದಾಖಲೆ. ಶಿರಾ ಮತ್ತೆ ಆ ಎತ್ತರಕ್ಕೆ ಏಳಲಿಲ್ಲ. ಅಂದ್ರೆ ಈ ಸೀಮೆಯಿಂದ ನಕ್ಷೆ ಹೋಯ್ತು, ಜನ ಹೋದರು. ಇವತ್ತಿಗೂ ಹೋಗ್ತಾನೇ ಇದ್ದಾರೆ.

ಇತ್ತೀಚಿನ ಉದಾಹರಣೆ ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್ ಸಾಮರ್ಥ್ಯ. ರೈತರಿಂದ ಭೂಮಿ ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ನಾನು ಹೇಳಿದ ಹಳೇ ಪಾರ್ಟ್ಸ್‌ನ ಕಂಪ್ಯೂಟರ್ ಆಟದ ಹೊತ್ತಿನಲ್ಲಿ 200 ವ್ಯಾಟ್ ಆಸುಪಾಸು ಎಳೆಯುತ್ತೆ. ಲೆಕ್ಕ ಹಾಕಿ. ಪಾರ್ಕ್ ಪೂರ್ತಿ ಸಾಮರ್ಥ್ಯದಲ್ಲಿ ಓಡುವಾಗ ಒಂದು ಕೋಟಿಗೂ ಹೆಚ್ಚು ಇಂಥ ಕಂಪ್ಯೂಟರ್ ನಡೆಸಬಹುದು. ಕರೆಂಟು ಗ್ರಿಡ್‌ಗೆ ಹೋಗುತ್ತೆ, ಬೆಂಗಳೂರಿನ ಕಂಪ್ಯೂಟರ್‌ಗಳೂ ಅದೇ ಗ್ರಿಡ್‌ನ ಕರೆಂಟಿನಲ್ಲೇ ಉರೀತಾವೆ. ಅವು ಹಳೇದಾದ ಮೇಲಾದರೂ ಈ ಕಡೆ ಬರಲಿ ಅಂದ್ರೆ ತಪ್ಪೇನು?

ಬರದೆ ಇದ್ದರೆ ಎಲ್ಲಿಗೆ ಹೋಗ್ತಾವೆ? ಬೆಂಗಳೂರಿನಿಂದ ಶಿರಾ ಕಡೆ ಹೆದ್ದಾರಿಯಲ್ಲಿ ಬರುವಾಗ ದಾಬಸ್‌ಪೇಟೆ ಸಿಗುತ್ತಲ್ಲ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಶುರುವಾಯ್ತು ಇ-ಪರಿಸರ. ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ. ಕೆಟ್ಟು ಹೋದ ಬೋರ್ಡ್‌ಗಳಿಂದ ತಾಮ್ರ, ಚಿನ್ನ, ಬೆಳ್ಳಿ ತೆಗೆಯುವ ಕೆಲಸ ಅಲ್ಲಿ ಶಿಸ್ತಾಗಿ ನಡೆಯುತ್ತೆ. ಅದು ಬೇಕು. ಇಲ್ಲದಿದ್ದರೆ ಗಲ್ಲಿಗಳಲ್ಲಿ ಆಸಿಡ್ ಹಾಕಿ, ವೈರ್ ಸುಟ್ಟು ವಿಷ ಎಬ್ಬಿಸ್ತಾರೆ. ಆದರೆ ಇನ್ನೂ ಉಸಿರಾಡುತ್ತಿರೋ ಕಂಪ್ಯೂಟರನ್ನು ಪುಡಿ ಮಾಡೋದು, ಹಾಲು ಕೊಡೋ ಹಸುವನ್ನು ಕಸಾಯಿಖಾನೆಗೆ ಅಟ್ಟಿದ ಹಾಗೆ. ಅದು ದಾಬಸ್‌ಪೇಟೆಯಲ್ಲಿ ನಿಲ್ಲೋ ಬದಲು ಇನ್ನೊಂದೆರಡು ಗಂಟೆ ಮುಂದೆ ಬಂದರೆ ಐದು ವರ್ಷ ಒಬ್ಬ ಹುಡುಗನಿಗೆ ಪಾಠ ಹೇಳುತ್ತೆ. ಆಮೇಲೆ ಬೇಕಾದರೆ ದಾಬಸ್‌ಪೇಟೆಗೆ ವಾಪಸ್ ಹೋಗಲಿ.

2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಅಂತ ಒಂದು ಪೋರ್ಟಲ್ ತೆರೆಯಿತು. ಕೊಂಡ ವಸ್ತುವನ್ನು ರಿಪೇರಿ ಮಾಡಿಕೊಳ್ಳುವ ಹಕ್ಕಿನ ಬಗ್ಗೆ. ಒಳ್ಳೇದು. ಆದರೆ ಪೋರ್ಟಲ್ ದೆಹಲಿಯಲ್ಲಿ ತೆರೆದರೆ ಸಾಲದು, ಮುಚ್ಚಳ ಮಧುಗಿರಿಯಲ್ಲಿ ತೆರೆಯಬೇಕು. ನನ್ನ ಬೇಡಿಕೆ ದೊಡ್ಡದೇನಲ್ಲ. ಸರ್ಕಾರಿ ಕಚೇರಿಗಳ ಮೂಲೆಗಳಲ್ಲಿ, ಕಂಪನಿಗಳ ಗೋಡೌನ್‌ಗಳಲ್ಲಿ ಧೂಳು ತಿನ್ನುತ್ತಿರೋ ಕಂಪ್ಯೂಟರ್‌ಗಳನ್ನು ಹರಾಜು ಹಾಕುವ ಮುಂಚೆ ಒಮ್ಮೆ ಸ್ವಿಚ್ ಒತ್ತಿ ನೋಡಿ. ಡೇಟಾ ಅಳಿಸಿ. ಓಡೋದನ್ನು ಈ ನಾಲ್ಕು ತಾಲೂಕಿನ ಸರ್ಕಾರಿ ಪಿಯು ಕಾಲೇಜಿಗೆ, ಐಟಿಐಗೆ ಕೊಡಿ. ಕೊಡುವಾಗ ಒಂದು ಷರತ್ತು ಇರಲಿ. ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಗೆ ಒಂದು ಸ್ಕ್ರೂ ಡ್ರೈವರ್ ಕೊಡಿ. ನಾಲ್ಕು ಕೆಡಿಸ್ತಾರೆ. ಐದನೆಯದನ್ನು ಕಟ್ತಾರೆ.

ಒಂದು ಕಾಲದಲ್ಲಿ ಈ ದೇಶ ಹಳೇ ಕಂಪ್ಯೂಟರ್‌ಗೆ ಬಾಡಿಗೆ ಕಟ್ಟಿ, ಅದನ್ನು ಮುಟ್ಟೋಕೂ ಪರರ ಅಪ್ಪಣೆ ಕಾಯ್ತಾ ಇತ್ತು. ಇವತ್ತು ಅದೇ ಹಳೇ ಕಂಪ್ಯೂಟರನ್ನು ಕೊರಟಗೆರೆಯ ಹುಡುಗ ಸ್ವಂತ ದುಡ್ಡಲ್ಲಿ ಕೊಂಡು, ಜಗಲಿ ಮೇಲೆ ಹರವಿಕೊಂಡು, ಒಂದೊಂದೇ ಸ್ಕ್ರೂ ತೆಗೀತಾ ಇದ್ದಾನೆ. ಅಪ್ಪಾ, ಬೈಯೋದು ಆಮೇಲೆ ಬೈಯಿರಿ. ಈಗ ಸ್ವಲ್ಪ ಟಾರ್ಚ್ ಹಿಡೀರಿ.